ಗೈಡ್ ಡಾಗ್ ಶಾಲೆಗೆ ಹೊರಟವರಿಗೆ: ಪೆಟ್ಟಿಗೆ ಕಟ್ಟುವುದರಿಂದ ನಾಯಿಯೊಡನೆ ಮನೆ ಸೇರುವವರೆಗೆ

ಅಂಧರಿಗೆ ನಡೆದಾಡಲು ನೆರವಾಗುವ ಗೈಡ್ ಡಾಗ್‌ಗಾಗಿ ಅರ್ಜಿ ಹಾಕಿ, ತಿಂಗಳುಗಟ್ಟಲೆ ಕಾದು, ಕೊನೆಗೆ "ನಿಮಗೆ ಹೊಂದುವ ನಾಯಿ ಸಿಕ್ಕಿದೆ, ಬನ್ನಿ" ಎಂಬ ಕರೆ ಬಂದಾಗ ಮನಸ್ಸೆಲ್ಲ ನಾಯಿಯ ಮೇಲೇ ಇರುತ್ತದೆ. ಹೆಸರೇನು, ಯಾವ ತಳಿ, ಗಂಡೋ ಹೆಣ್ಣೋ ಎಂಬ ಕುತೂಹಲ ಸಹಜ. ಆದರೆ ಶಾಲೆಯ ಹೊಸಿಲು ದಾಟಿದ ಮೇಲೆ ತರಬೇತಿ ನಡೆಯುವುದು ಮುಖ್ಯವಾಗಿ ನಿಮಗೆ. ನಾಯಿ ತನ್ನ ಪಾಠವನ್ನು ಆಗಲೇ ಮುಗಿಸಿರುತ್ತದೆ. ಇದನ್ನು ಮೊದಲೇ ಅರ್ಥ ಮಾಡಿಕೊಂಡು ಹೋದವರಿಗೆ ಆ ಎರಡರಿಂದ ನಾಲ್ಕು ವಾರ ಹಗುರವಾಗುತ್ತದೆ. "ನಾಯಿ ನನ್ನನ್ನು ಕರೆದುಕೊಂಡು ಹೋಗುತ್ತದೆ" ಎಂದುಕೊಂಡು ಹೋದವರಿಗೆ ಮೊದಲ ವಾರವೇ ಕಷ್ಟವಾಗುತ್ತದೆ.

ಈ ಬರಹದಲ್ಲಿ ಅಮೆರಿಕದ ವಸತಿ ಶಾಲೆಗಳ ಕ್ರಮವನ್ನು ವಿವರಿಸಿದ್ದೇವೆ. ನ್ಯೂಜೆರ್ಸಿ, ಮಿಷಿಗನ್, ಕ್ಯಾಲಿಫೋರ್ನಿಯಾ ಕಡೆ ನೆಲೆಸಿರುವ ಅಂಧ ಕನ್ನಡಿಗರಿಗೂ ಅವರ ಮನೆಯವರಿಗೂ ನೇರವಾಗಿ ಉಪಯೋಗಕ್ಕೆ ಬರಲಿ ಎಂಬುದು ಆಶಯ.

ಶಾಲೆಗಳ ಬಗ್ಗೆ ಎರಡು ಮಾತು

ಅಮೆರಿಕದ ಈ ಬಗೆಯ ಶಾಲೆಗಳಲ್ಲಿ ಇಂದಿಗೂ ನಡೆಯುತ್ತಿರುವ ಅತಿ ಹಳೆಯದು 'ದಿ ಸೀಯಿಂಗ್ ಐ'. ಟೆನೆಸ್ಸಿಯ ನ್ಯಾಶ್‌ವಿಲ್‌ನ ಮಾರಿಸ್ ಫ್ರಾಂಕ್ ಎಂಬ ಅಂಧ ಯುವಕ 1928ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ, ಡೊರೊಥಿ ಹ್ಯಾರಿಸನ್ ಯೂಸ್ಟಿಸ್ ಅವರ ತರಬೇತಿ ಕೇಂದ್ರದಲ್ಲಿ 'ಬಡ್ಡಿ' ಎಂಬ ಜರ್ಮನ್ ಶೆಫರ್ಡ್ ಜೊತೆ ಕಲಿತು ಮರಳಿದ. ಮರುವರ್ಷ, 1929ರಲ್ಲಿ, ನ್ಯಾಶ್‌ವಿಲ್‌ನಲ್ಲಿ ಶಾಲೆ ಆರಂಭವಾಯಿತು. ಈಗ ಅದು ನ್ಯೂಜೆರ್ಸಿಯ ಮಾರಿಸ್‌ಟೌನ್‌ನಲ್ಲಿದೆ. ಮಿಷಿಗನ್‌ನ ರಾಚೆಸ್ಟರ್ ಹಿಲ್ಸ್‌ನಲ್ಲಿ 1939ರಿಂದ 'ಲೀಡರ್ ಡಾಗ್ಸ್' ಇದೆ. 1942ರಲ್ಲಿ ಆರಂಭವಾದ 'ಗೈಡ್ ಡಾಗ್ಸ್ ಫಾರ್ ದಿ ಬ್ಲೈಂಡ್' ಸಂಸ್ಥೆಗೆ ಕ್ಯಾಲಿಫೋರ್ನಿಯಾದ ಸ್ಯಾನ್ ರಫೆಲ್‌ನಲ್ಲೂ ಆರಿಗನ್‌ನ ಬೋರಿಂಗ್ ಊರಿನಲ್ಲೂ ಆವರಣಗಳಿವೆ. ನ್ಯೂಯಾರ್ಕ್ ರಾಜ್ಯದ ಯಾರ್ಕ್‌ಟೌನ್ ಹೈಟ್ಸ್‌ನಲ್ಲಿ 'ಗೈಡಿಂಗ್ ಐಸ್' ಇದೆ.

ಖರ್ಚಿನ ವಿಷಯಕ್ಕೆ ಹೆದರಬೇಕಾಗಿಲ್ಲ. ಹೆಚ್ಚಿನ ಶಾಲೆಗಳಲ್ಲಿ ನಾಯಿ, ತರಬೇತಿ, ಊಟ, ವಸತಿ ಎಲ್ಲವೂ ಉಚಿತ; ದಾನಿಗಳ ಹಣದಿಂದ ನಡೆಯುತ್ತವೆ. ಸೀಯಿಂಗ್ ಐ ಮಾತ್ರ ಬಹುಕಾಲದಿಂದ ಸಾಂಕೇತಿಕವಾದ ಶುಲ್ಕ ಇಟ್ಟುಕೊಂಡು ಬಂದಿದೆ: ಮೊದಲ ನಾಯಿಗೆ 150 ಡಾಲರ್, ಮುಂದಿನವಕ್ಕೆ 50 ಡಾಲರ್, ಮಾಜಿ ಸೈನಿಕರಿಗೆ 1 ಡಾಲರ್. ದಾನ ಪಡೆದೆವೆಂಬ ಭಾವನೆ ಯಾರಿಗೂ ಬರಬಾರದು ಎಂಬುದು ಅದರ ಹಿಂದಿನ ವಿಚಾರ. ನಮಗೆ ಅದು ಬಹಳ ಗೌರವದ ನಡೆ ಅನಿಸುತ್ತದೆ. ವಾಸದ ಅವಧಿ ಶಾಲೆಯಿಂದ ಶಾಲೆಗೆ ಎರಡರಿಂದ ನಾಲ್ಕು ವಾರ. ಮೊದಲ ಸಲ ಬರುವವರಿಗೆ ಹೆಚ್ಚು ದಿನ, ಎರಡನೆಯ ಅಥವಾ ಮೂರನೆಯ ನಾಯಿಗೆ ಬರುವವರಿಗೆ ಕಡಿಮೆ ದಿನ ಇರುವುದುಂಟು.

ಹೊರಡುವ ಮುನ್ನ: ಕಾಲು, ಕೋಲು, ನಕಾಶೆ

ನಾಯಿಗೆ ದಾರಿ ಗೊತ್ತಿರುವುದಿಲ್ಲ. ಅಂಗಡಿ ಎಲ್ಲಿ, ಎಷ್ಟನೆಯ ತಿರುವಿನಲ್ಲಿ ಬಲಕ್ಕೆ ಹೋಗಬೇಕು, ಸಿಗ್ನಲ್ ಯಾವಾಗ ಬಿಟ್ಟಿತು ಎಂಬುದೆಲ್ಲ ನಿಮ್ಮ ಕೆಲಸ. ಎದುರಿಗೆ ಬರುವ ಕಂಬ, ಗುಂಡಿ, ಸೈಕಲ್, ತಲೆಗೆ ತಾಗುವ ಕೊಂಬೆ ಇವುಗಳನ್ನು ತಪ್ಪಿಸುವುದು, ಫುಟ್‌ಪಾತಿನ ಅಂಚಿನಲ್ಲಿ ನಿಲ್ಲುವುದು, ಎದುರಿಗೆ ಅಪಾಯವಿದ್ದರೆ ನೀವು "ಫಾರ್ವರ್ಡ್" ಎಂದರೂ ಕದಲದೆ ನಿಲ್ಲುವುದು ನಾಯಿಯ ಕೆಲಸ. ಅದಕ್ಕೇ ಎಲ್ಲ ಶಾಲೆಗಳೂ ಅರ್ಜಿಯ ಜೊತೆ ನಿಮ್ಮ ಸಂಚಾರ ತರಬೇತಿಯ ವರದಿ ಕೇಳುತ್ತವೆ, ಬಿಳಿ ಕೋಲು ಹಿಡಿದು ನೀವು ಒಬ್ಬರೇ ನಡೆಯುವುದನ್ನು ಮನೆಗೆ ಬಂದೋ ವಿಡಿಯೋ ತರಿಸಿಕೊಂಡೋ ನೋಡುತ್ತವೆ. ಕೋಲಿನೊಡನೆ ನಾಲ್ಕಾರು ದಾರಿಗಳಲ್ಲಿ ಯಾರ ನೆರವೂ ಇಲ್ಲದೆ ಓಡಾಡಿ ರೂಢಿ ಇಲ್ಲದಿದ್ದರೆ ಮೊದಲು ಅದನ್ನು ಕಲಿಯಿರಿ. ಶಾಲೆಗೆ ಹೋಗುವುದು ಆರು ತಿಂಗಳು ತಡವಾದರೂ ಚಿಂತೆಯಿಲ್ಲ.

ಎರಡನೆಯದು ದೇಹ. ತರಬೇತಿಯಲ್ಲಿ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ನಡಿಗೆ ಇರುತ್ತದೆ. ನಾಯಿಯ ವೇಗ ಕೋಲಿನ ವೇಗಕ್ಕಿಂತ ಬಹಳ ಹೆಚ್ಚು. ಹೊರಡುವ ಆರೆಂಟು ವಾರ ಮೊದಲಿನಿಂದ ದಿನವೂ 30ರಿಂದ 45 ನಿಮಿಷ ಬಿರುಸಾಗಿ ನಡೆಯಿರಿ. ಮನೆಯೊಳಗಿನ ಟ್ರೆಡ್‌ಮಿಲ್ ಉಸಿರಾಟಕ್ಕೆ ಒಳ್ಳೆಯದೇ. ಆದರೆ ಏರುಪೇರಾದ ನೆಲಕ್ಕೆ ಕಣಕಾಲು ಒಗ್ಗಬೇಕಾದರೆ ಹೊರಗೆ ನಡೆಯಲೇಬೇಕು. ಎಡಗೈಗೂ ಭುಜಕ್ಕೂ ಹೊಸ ಎಳೆತ ಬೀಳುತ್ತದೆ. ಹಳೆಯ ಭುಜನೋವು ಇದ್ದರೆ ವೈದ್ಯಕೀಯ ವರದಿಯಲ್ಲಿ ಮುಚ್ಚಿಡಬೇಡಿ. ನಿಮ್ಮ ನಡಿಗೆಯ ವೇಗ, ತಡೆದುಕೊಳ್ಳಬಲ್ಲ ಎಳೆತ, ಮನೆ-ಕಚೇರಿಯ ಪರಿಸರ ಇವನ್ನೆಲ್ಲ ನೋಡಿಯೇ ನಾಯಿಯನ್ನು ಹೊಂದಿಸುತ್ತಾರೆ. ಅರ್ಜಿಯಲ್ಲಿ ಉತ್ಪ್ರೇಕ್ಷೆ ಮಾಡಿದರೆ ನಿಮಗಿಂತ ಬಲವಾದ ನಾಯಿ ನಿಮ್ಮ ಪಾಲಿಗೆ ಬರುತ್ತದೆ.

ಪೆಟ್ಟಿಗೆಯಲ್ಲಿ ಇರಬೇಕಾದವು:

- ಕಾಲಿಗೆ ಈಗಾಗಲೇ ಒಗ್ಗಿದ ಎರಡು ಜೊತೆ ನಡಿಗೆಯ ಶೂ. ಹೊಸ ಶೂ ತಂದವರ ಕಾಲಲ್ಲಿ ಮೂರನೆಯ ದಿನಕ್ಕೇ ಬೊಕ್ಕೆ ಏಳುತ್ತದೆ. ಚಪ್ಪಲಿ ಸ್ನಾನದ ಮನೆಗೆ ಮಾತ್ರ.
- ಮಳೆ ಕೋಟು. ಛತ್ರಿ ಬೇಡ, ಅದನ್ನು ಹಿಡಿಯಲು ನಿಮಗೆ ಬಿಡುವಿನ ಕೈ ಇರುವುದಿಲ್ಲ. ಚಳಿಗಾಲವಾದರೆ ತೆಳು ಕೈಗವಸು. ದಪ್ಪ ಕೈಗವಸಿನಲ್ಲಿ ಹಾರ್ನೆಸ್ಸಿನ (ನಾಯಿಯ ಮೈಗೆ ತೊಡಿಸುವ ಪಟ್ಟಿಗಳ ಸಜ್ಜು) ಹಿಡಿಯ ಚಲನೆ ತಿಳಿಯುವುದಿಲ್ಲ.
- ಬೆನ್ನಿಗೆ ಹಾಕುವ ಚೀಲ, ಸೊಂಟಕ್ಕೆ ಕಟ್ಟುವ ಸಣ್ಣ ಚೀಲ. ಕೈಚೀಲ, ಹೆಗಲಿಂದ ಜಾರುವ ಚೀಲ ಎರಡೂ ತೊಂದರೆ.
- ಜೇಬಿರುವ ಬಟ್ಟೆ. ಸೀರೆ, ದುಪಟ್ಟಾ ತರಬೇತಿಯ ಹೊತ್ತಿಗೆ ಬೇಡ. ಸೆರಗು ಹಾರ್ನೆಸ್ಸಿಗೆ ಸಿಕ್ಕಿಕೊಳ್ಳುತ್ತದೆ. ನಾಯಿಗೂದಲು ಹತ್ತುವುದನ್ನು ಲೆಕ್ಕಕ್ಕೆ ಇಟ್ಟುಕೊಂಡು ಒಗೆಯಲು ಸುಲಭವಾದದ್ದನ್ನೇ ಆರಿಸಿ.
- ಔಷಧಿಗಳು ಪೂರ್ತಿ ಅವಧಿಗೆ, ಜೊತೆಗೆ ಮೂರು-ನಾಲ್ಕು ದಿನದ್ದು ಹೆಚ್ಚಿಗೆ, ಕೈಸಾಮಾನಿನಲ್ಲೇ.
- ಬಿಳಿ ಕೋಲು, ಸಾಧ್ಯವಾದರೆ ಎರಡು. ನಾಯಿ ಬರುವವರೆಗೂ, ಆಮೇಲೆ ನಾಯಿ ಕಾಯಿಲೆ ಬಿದ್ದ ದಿನವೂ ಅದೇ ಆಧಾರ.

ಬಟ್ಟಲು, ಆಟಿಕೆ, ಕೊರಳಪಟ್ಟಿ ಏನನ್ನೂ ಕೊಳ್ಳಬೇಡಿ. ಶಾಲೆಯೇ ಕೊಡುತ್ತದೆ, ಅವರು ಒಪ್ಪುವ ಆಟಿಕೆಗಳೂ ಬೇರೆ. ಸಸ್ಯಾಹಾರಿಗಳಾದರೆ ಫಾರಂ ತುಂಬುವಾಗಲೇ ಸ್ಪಷ್ಟವಾಗಿ ಬರೆಯಿರಿ: ಮೊಟ್ಟೆ ತಿನ್ನುತ್ತೀರೋ ಇಲ್ಲವೋ, ಮೀನೂ ಮಾಂಸವೆಂದೇ ನಿಮ್ಮ ಲೆಕ್ಕವೋ. ಬರಿ "ವೆಜಿಟೇರಿಯನ್" ಎಂದರೆ ಅಡಿಗೆಯವರಿಗೆ ಅಷ್ಟು ಸಾಲದು. ಉಪ್ಪಿನಕಾಯಿ, ಚಟ್ನಿಪುಡಿ ಒಯ್ಯುವುದಾದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ನಾಯಿಯ ಮೂತಿಗೆ ಎಟುಕದ ಎತ್ತರದಲ್ಲಿ ಇಡಿ.

ಬಂದಿಳಿದ ದಿನ

ಟಿಕೆಟ್ ಮಾಡುವಾಗಲೇ ವಿಮಾನ ಸಂಸ್ಥೆಗೆ ನೆರವು ಬೇಕೆಂದು ತಿಳಿಸಿ. ಮಾರಿಸ್‌ಟೌನ್‌ಗೆ ಹೋಗುವವರಿಗೆ ನ್ಯೂಅರ್ಕ್ ವಿಮಾನ ನಿಲ್ದಾಣ ಹತ್ತಿರ. ಶಾಲೆಯ ಸಿಬ್ಬಂದಿ ಎಲ್ಲಿ ಎದುರುಗೊಳ್ಳುತ್ತಾರೆ (ಗೇಟಿನಲ್ಲೋ, ಸಾಮಾನು ಬರುವ ಕಡೆಯೋ) ಎಂಬುದನ್ನು ಹಿಂದಿನ ದಿನವೇ ಕೇಳಿ, ಅವರ ನಂಬರನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಒಬ್ಬರೇ ಹೋಗಿ. ಜೊತೆಗೆ ಬಂದ ಅಮ್ಮನೋ ಗಂಡನೋ ಶಾಲೆಯ ಬಾಗಿಲಲ್ಲೇ ಬೀಳ್ಕೊಡುವುದು ಮೇಲು. ಅವರು ಉಳಿದಷ್ಟು ಹೊತ್ತು ನೀವು ಆ ಕಟ್ಟಡವನ್ನು ಕಲಿಯುವುದಿಲ್ಲ.

ಕೋಣೆಗೆ ಹೋದೊಡನೆ ಸಿಬ್ಬಂದಿ ಎಲ್ಲವನ್ನೂ ಕೈಯಿಂದ ಮುಟ್ಟಿಸಿ ತೋರಿಸುತ್ತಾರೆ: ಮಂಚ, ಮೇಜು, ಬಚ್ಚಲು, ತಾಪಮಾನದ ಗುಂಡಿ, ನಾಯಿಯ ಹಾಸು, ಊಟದ ಬಟ್ಟಲು, ನೀರಿನ ಬಟ್ಟಲು, ಬ್ರಷ್ಷು, ಟವೆಲ್ಲು. ಗೋಡೆಯ ಅಥವಾ ಮಂಚದ ಬಳಿ ಒಂದು ಉಂಗುರಕ್ಕೆ ಸಿಕ್ಕಿಸಿದ ಪ್ಲಾಸ್ಟಿಕ್ ಹೊದಿಕೆಯ ತಂತಿ ಇರುತ್ತದೆ. ನೀವು ಸ್ನಾನಕ್ಕೆ ಹೋದಾಗ, ರಾತ್ರಿ ಮಲಗಿದಾಗ ನಾಯಿಯನ್ನು ಅದಕ್ಕೆ ಕಟ್ಟುತ್ತೀರಿ. ಅದರ ಕೊಂಡಿಯನ್ನು ಒಂದೇ ಕೈಯಲ್ಲಿ ತೆಗೆದು ಹಾಕುವುದನ್ನು ಮೊದಲ ಸಂಜೆಯೇ ಹತ್ತು ಸಲ ಅಭ್ಯಾಸ ಮಾಡಿಡಿ. ಎರಡು ದಿನ ಬಿಟ್ಟು ಕುಣಿಯುವ ಮೂವತ್ತು ಕಿಲೋ ನಾಯಿ ಇನ್ನೊಂದು ಕೈಯಲ್ಲಿ ಇರುವಾಗ ಕಲಿಯಲು ಆಗುವುದಿಲ್ಲ.

ಆಮೇಲೆ ಕಟ್ಟಡದ ಸುತ್ತು. ಮೊದಲ ಸುತ್ತನ್ನು ಯಾರದೋ ಮೊಣಕೈ ಹಿಡಿದು ಮಾಡುತ್ತೀರಿ. ಅದರಿಂದ ಏನೂ ನೆನಪುಳಿಯುವುದಿಲ್ಲ. ಅದು ಮುಗಿದ ಮೇಲೆ ಕೋಲು ಹಿಡಿದು ಒಬ್ಬರೇ ಮೂರು ದಾರಿಗಳನ್ನು ಮತ್ತೆ ಮತ್ತೆ ನಡೆಯಿರಿ: ಕೋಣೆಯಿಂದ ಊಟದ ಮನೆಗೆ, ಕೋಣೆಯಿಂದ ನಾಯಿಗಳನ್ನು ವಿಸರ್ಜನೆಗೆ ಒಯ್ಯುವ ಅಂಗಳಕ್ಕೆ, ಕೋಣೆಯಿಂದ ಎಲ್ಲರೂ ಸೇರುವ ಹಾಲಿಗೆ. ಬಾಗಿಲುಗಳನ್ನು ಎಣಿಸಿ, ಕಾರ್ಪೆಟ್ಟು ಮುಗಿದು ಟೈಲ್ಸ್ ಶುರುವಾಗುವ ಜಾಗ ಗುರುತಿಡಿ. ಮುಂಜಾನೆ ಐದೂವರೆಗೆ ಅರೆನಿದ್ದೆಯಲ್ಲಿ, ಅವಸರವಿರುವ ನಾಯಿಯೊಡನೆ ಅಂಗಳದ ಬಾಗಿಲು ಹುಡುಕುತ್ತ ಎಡವಿದರೆ ದಾರಿಯಲ್ಲೇ ಗಲೀಜಾಗುತ್ತದೆ. ಅದು ನಾಯಿಯ ತಪ್ಪಲ್ಲ.

ಊಟದ ಮನೆಯಲ್ಲಿ ಕುರ್ಚಿಯಲ್ಲಿ ಕೂತು, ಕಾಲುಗಳ ನಡುವೆ ಮತ್ತು ಕುರ್ಚಿಯ ಕೆಳಗೆ ಎಷ್ಟು ಜಾಗವಿದೆ ಎಂದು ಕೈಯಾಡಿಸಿ ನೋಡಿ. ನಾಯಿ ಅಲ್ಲೇ ಮಲಗಬೇಕು.

ನಾಯಿಯಿಲ್ಲದ ದಿನ

ಮೊದಲ ಒಂದೆರಡು ದಿನ ನಾಯಿ ಕೊಡುವುದಿಲ್ಲ. ಬಂದವರಿಗೆಲ್ಲ ಇದು ತಾಳ್ಮೆಗೆಡಿಸುವ ಸಂಗತಿ. ಆದರೆ ತರಬೇತಿಯ ತಳಪಾಯ ಬೀಳುವುದು ಆಗಲೇ. 'ಜೂನೋ' ಎಂದು ಕರೆಯುವ ಅಭ್ಯಾಸದಲ್ಲಿ ತರಬೇತುದಾರರೇ ಹಾರ್ನೆಸ್ಸಿನ ಮುಂಭಾಗ ಹಿಡಿದು ನಾಯಿಯಂತೆ ಎಳೆದುಕೊಂಡು ನಡೆಯುತ್ತಾರೆ. ಅವರು ಅಳೆಯುವುದು ನಿಮ್ಮ ವೇಗ, ಸಮತೋಲ, ಎಳೆತಕ್ಕೆ ನಿಮ್ಮ ದೇಹ ಕೊಡುವ ಉತ್ತರ. ಕೈಯಲ್ಲಿರುವ ನಾಲ್ಕಾರು ನಾಯಿಗಳಲ್ಲಿ ಯಾವುದು ನಿಮಗೆ ಎಂಬ ತೀರ್ಮಾನ ಇಲ್ಲಿ ಗಟ್ಟಿಯಾಗುತ್ತದೆ. ಹಾಗಾಗಿ ಮೆಚ್ಚಿಸಲು ಓಡಬೇಡಿ. ಮಂಗಳವಾರ ಸಂಜೆ ಕಚೇರಿಯಿಂದ ದಣಿದು ಬರುವಾಗ ಹೇಗೆ ನಡೆಯುತ್ತೀರೋ ಹಾಗೆ ನಡೆಯಿರಿ.

ಈ ಹೊತ್ತಿಗೆ ಕಲಿಯಬೇಕಾದ ಮುಖ್ಯ ಸಂಗತಿ ಹಿಡಿತ. ನಾಯಿ ಎಡಕ್ಕೆ ಇರುತ್ತದೆ. ಹಿಡಿಯನ್ನು ಎಡಗೈ ಬೆರಳುಗಳಲ್ಲಿ ಸಡಿಲವಾಗಿ, ತುಂಬಿದ ಹಾಲಿನ ಲೋಟ ಹಿಡಿದಂತೆ, ಹಿಡಿಯಬೇಕು. ಲೀಶ್ (ಕೊರಳಪಟ್ಟಿಗೆ ಸಿಕ್ಕಿಸುವ ಹಗ್ಗ) ಕೂಡ ಅದೇ ಕೈಯ ಬೆರಳುಗಳ ನಡುವೆ. ಬಿಗಿಮುಷ್ಟಿಯಲ್ಲಿ ಹಿಡಿದರೆ ನಾಯಿ ತುಸುವೇ ಎಡಕ್ಕೆ ಸರಿದದ್ದು, ವೇಗ ಇಳಿಸಿದ್ದು, ಮೆಟ್ಟಿಲು ಕಂಡು ನಿಧಾನಿಸಿದ್ದು ಯಾವುದೂ ನಿಮಗೆ ತಲುಪುವುದಿಲ್ಲ. ಮೊಣಕೈ ಪಕ್ಕೆಗೆ ಹತ್ತಿರ, ಭುಜ ಸಡಿಲ. ಹೊರಡುವಾಗ "ಫಾರ್ವರ್ಡ್" ಎಂದು ಬಲಗೈಯನ್ನು ಮುಂದಕ್ಕೆ ಬೀಸಬೇಕು, ಎಳೆತ ಬಂದ ಮೇಲೆಯೇ ಹೆಜ್ಜೆ. ಬಲಕ್ಕೆ ತಿರುಗುವಾಗ ಬಲಗಾಲನ್ನು ಒಂದು ಹೆಜ್ಜೆ ಹಿಂದಿಟ್ಟು ನಾಯಿಗೆ ನಿಮ್ಮ ಮುಂದಿನಿಂದ ಹಾದುಹೋಗಲು ಜಾಗ ಕೊಡಬೇಕು. ಕೊಡದಿದ್ದರೆ ಅದರ ಪಾದವನ್ನು ತುಳಿಯುತ್ತೀರಿ. ಆಜ್ಞೆಯ ಪದಗಳೂ ಕೈಸನ್ನೆಗಳೂ ಶಾಲೆಯಿಂದ ಶಾಲೆಗೆ ತುಸು ಬೇರೆ. ಹಿಂದಿನ ಶಾಲೆಯಲ್ಲಿ ಕಲಿತದ್ದಿದ್ದರೆ ಅದನ್ನು ಬದಿಗಿಡಿ.

ಕನ್ನಡಿಗರಿಗೆ ಒಂದು ಎಚ್ಚರಿಕೆ. ನಾವು ಮಾತಿನ ನಡುವೆ "ರೈಟ್" ಎನ್ನುತ್ತಲೇ ಇರುತ್ತೇವೆ: "ರೈಟ್, ಹೊರಡೋಣ", "ರೈಟ್ ಬಿಡಿ". ಹಾರ್ನೆಸ್ ತೊಟ್ಟ ನಾಯಿಗೆ ಅದು ಬಲಕ್ಕೆ ತಿರುಗು ಎಂಬ ಆಜ್ಞೆ. ಆ ಅಭ್ಯಾಸವನ್ನು ಬಿಡಲು ಈಗಲೇ ಶುರು ಮಾಡಿ. ಹೊಗಳಿಕೆ ಮಾತ್ರ ಕನ್ನಡದಲ್ಲೇ ಇರಲಿ. "ಜಾಣ ಮರಿ" ಎಂದು ಮನಸಾರೆ ಹೇಳಿದ ಧ್ವನಿ ನಾಯಿಗೆ ಅರ್ಥವಾಗುತ್ತದೆ. ಆಜ್ಞೆಗಳು ಮಾತ್ರ ಅದು ಕಲಿತ ಇಂಗ್ಲಿಷ್ ಪದಗಳೇ, ಅದೇ ಉಚ್ಚಾರದಲ್ಲಿ ಇರಬೇಕು.

ನಾಯಿ ಬರುವ ಗಳಿಗೆ

ಎರಡನೆಯ ಅಥವಾ ಮೂರನೆಯ ದಿನ ತರಬೇತುದಾರರು ನಾಯಿಯ ಹೆಸರು, ತಳಿ, ಬಣ್ಣ, ತೂಕ ಹೇಳುತ್ತಾರೆ. ಹೆಚ್ಚಿನವು ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಅವೆರಡರ ಮಿಶ್ರತಳಿ, ಅಥವಾ ಜರ್ಮನ್ ಶೆಫರ್ಡ್. ವಯಸ್ಸು ಸುಮಾರು ಎರಡು ವರ್ಷ. ನೀವು ಕೋಣೆಯಲ್ಲಿ ಕೂತಿರುತ್ತೀರಿ, ನಾಯಿಯನ್ನು ಒಳಗೆ ತಂದು ಲೀಶ್ ಕೈಗೆ ಕೊಟ್ಟು ಅವರು ಹೊರಗೆ ಹೋಗುತ್ತಾರೆ.

ಮುಂದಿನ ಒಂದು ಗಂಟೆಗೆ ಮನಸ್ಸನ್ನು ಸಿದ್ಧ ಮಾಡಿಕೊಳ್ಳಿ. ನಾಯಿ ನಿಮ್ಮ ಕೈ ಮೂಸಿ, ಬಾಲ ಆಡಿಸಿ, ಆಮೇಲೆ ಬಾಗಿಲ ಬಳಿ ಹೋಗಿ ಕುಂಯ್‌ಗುಡಬಹುದು. ಎಂಟು ವಾರದ ಮರಿಯಾಗಿದ್ದಾಗಿನಿಂದ ಅದನ್ನು ಒಂದು ಸ್ವಯಂಸೇವಕ ಕುಟುಂಬ ಸಾಕಿತ್ತು. ಆ ಮನೆ ಬಿಟ್ಟು ಬಂದು ಶಾಲೆಯಲ್ಲಿ ಕೆಲವು ತಿಂಗಳು ಈ ತರಬೇತುದಾರರ ಜೊತೆ ಬೆಳೆದಿದೆ. ಈಗ ಅವರೂ ಬಾಗಿಲ ಆಚೆ ಹೋದರು. ಅದು ಅಳುವುದು ನಿಮ್ಮನ್ನು ಒಲ್ಲೆ ಎಂದಲ್ಲ. ಬೇಸರ ಮಾಡಿಕೊಂಡು ಅಪ್ಪಿ ಹಿಡಿಯಬೇಡಿ, ತಿಂಡಿ ಸುರಿಯಬೇಡಿ. ನೆಲದ ಮೇಲೋ ಕುರ್ಚಿಯಲ್ಲೋ ಕೂತು, ಲೀಶ್ ಹಿಡಿದು, ಹೆಸರು ಕರೆದು, ಅದು ತಿರುಗಿದಾಗ ಮೆಲ್ಲಗೆ ಹೊಗಳಿ. ತಲೆಯಿಂದ ಬಾಲದವರೆಗೆ ನಿಧಾನವಾಗಿ ಕೈಯಾಡಿಸಿ: ಕಿವಿಯ ಆಕಾರ, ಬೆನ್ನಿನ ಅಗಲ, ಕೊರಳಪಟ್ಟಿ ಎಷ್ಟು ಬಿಗಿಯಿದೆ, ಪಾದದಡಿಯ ಮೆತ್ತೆಗಳು ಹೇಗಿವೆ. ನಾಳೆ ಏನಾದರೂ ವ್ಯತ್ಯಾಸವಾದರೆ ಗೊತ್ತಾಗಲು ಇಂದಿನ ಸ್ಪರ್ಶ ಬೇಕು.

ಮೊದಲ ದಿನಗಳಲ್ಲಿ ನಾಯಿ ಸದಾ ಲೀಶಿನಲ್ಲೇ ಇರಬೇಕು, ಒಂದು ತುದಿ ನಿಮ್ಮ ಕೈಯಲ್ಲೋ ಗೋಡೆಯ ಉಂಗುರದಲ್ಲೋ. ಬಿಟ್ಟರೆ ಅದು ತರಬೇತುದಾರರ ಧ್ವನಿ ಕೇಳಿದ ಕಡೆ ಓಡುತ್ತದೆ. ತರಬೇತುದಾರರು ಈ ದಿನಗಳಲ್ಲಿ ನಾಯಿಯನ್ನು ಬೇಕೆಂದೇ ಮಾತಾಡಿಸುವುದಿಲ್ಲ, ಮುಟ್ಟುವುದಿಲ್ಲ. ಊಟ, ನೀರು, ಹೊಗಳಿಕೆ, ಹೊರಗೆ ಒಯ್ಯುವುದು ಎಲ್ಲವೂ ನಿಮ್ಮ ಕೈಯಿಂದಲೇ ಆಗಬೇಕು. ಒಲವು ಹಾಗೆಯೇ ವರ್ಗಾವಣೆಯಾಗುತ್ತದೆ. ನಾಲ್ಕೈದು ದಿನಗಳಲ್ಲಿ ಒಂದು ಸಂಜೆ ತರಬೇತುದಾರರು ಎದುರಿಗೆ ಹಾದು ಹೋದರೂ ನಾಯಿ ನಿಮ್ಮ ಕಾಲ ಬಳಿಯೇ ಮಲಗಿರುತ್ತದೆ. ಕೆಲವರಿಗೆ ಇದಕ್ಕೆ ಎರಡು ವಾರ ಬೇಕು, ಕೆಲವರಿಗೆ ಮನೆಗೆ ಹೋದ ಮೇಲೂ ತಿಂಗಳುಗಳು. ಅದರಲ್ಲಿ ತಪ್ಪೇನಿಲ್ಲ.

ಅಂಗಳದ ಕೆಲಸ: ಯಾರೂ ವಿವರಿಸದ, ಎಲ್ಲರೂ ಅಂಜುವ ಭಾಗ

ಬೆಳಗ್ಗೆ ಎದ್ದೊಡನೆ, ಊಟದ ನಂತರ, ಮಧ್ಯಾಹ್ನ, ಸಂಜೆಯ ಊಟದ ನಂತರ, ಮಲಗುವ ಮುನ್ನ ನಾಯಿಯನ್ನು ಅಂಗಳಕ್ಕೆ ಒಯ್ಯಬೇಕು. ಮಲ ತೆಗೆಯುವುದು ಹೇಗೆ ಎಂಬ ಅಳುಕಿನಿಂದಲೇ ಗೈಡ್ ಡಾಗ್ ಬೇಡವೆಂದವರಿದ್ದಾರೆ. ಕ್ರಮ ಗೊತ್ತಾದರೆ ಒಂದು ನಿಮಿಷದ ಕೆಲಸ.

1. ಹಾರ್ನೆಸ್ ಪೂರ್ತಿ ಬಿಚ್ಚಿ. ಹಾರ್ನೆಸ್ ಇದ್ದರೆ ಕೆಲಸದ ಹೊತ್ತು, ಇಲ್ಲದಿದ್ದರೆ ಬಿಡುವು ಎಂಬ ಭೇದ ನಾಯಿಗೆ ಸ್ಪಷ್ಟವಿರಬೇಕು.
2. ಲೀಶನ್ನು ಉದ್ದ ಬಿಟ್ಟು, ಒಂದೇ ಜಾಗದಲ್ಲಿ ನಿಂತು, ಶಾಲೆ ಹೇಳಿಕೊಟ್ಟ ಪದ ಹೇಳಿ. ನಾಯಿ ನಿಮ್ಮ ಸುತ್ತ ತಿರುಗುತ್ತದೆ. ನೀವು ಅದರ ಹಿಂದೆ ನಡೆಯಬೇಡಿ.
3. ತಿರುಗುವುದು ನಿಂತಾಗ ಲೀಶ್ ಹಿಡಿದುಕೊಂಡು ಹೋಗಿ ಬೆನ್ನಿನ ಮೇಲೆ ಹಗುರವಾಗಿ ಕೈಯಿಡಿ. ಬೆನ್ನು ಉಬ್ಬಿ ಬಾಗಿದ್ದರೆ ಮಲ. ಚಪ್ಪಟೆಯಾಗಿ ಹಿಂದಕ್ಕೆ ಇಳಿಜಾರಾಗಿದ್ದರೆ ಮೂತ್ರ.
4. ಮಲವಾದರೆ ನಿಮ್ಮ ಪಾದವನ್ನು ನಾಯಿಯ ಹಿಂಗಾಲಿನ ಹತ್ತಿರ ಊರಿ. ನಾಯಿ ಸರಿದರೂ ಆ ಪಾದ ಕದಲಬಾರದು, ಅದೇ ಗುರುತು.
5. ಚೀಲವನ್ನು ಕೈಗವಸಿನಂತೆ ಕೈಗೆ ಹಾಕಿ, ಪಾದದ ತುದಿಯಿಂದ ಆಚೆಗೆ ನೆಲ ಸವರುತ್ತ ಹುಡುಕಿ. ಬೆಚ್ಚಗಿರುವುದರಿಂದ ಚೀಲದ ಮೂಲಕವೇ ಗೊತ್ತಾಗುತ್ತದೆ. ಎತ್ತಿ, ಚೀಲ ಮಗುಚಿ, ಗಂಟು ಕಟ್ಟಿ. ಸುತ್ತ ಇನ್ನೊಮ್ಮೆ ಸವರಿ ನೋಡಿ.

ಮೊದಲ ದಿನ ನಾಯಿ ಏನನ್ನೂ ಮಾಡದೆ ಸುಮ್ಮನೆ ನಿಲ್ಲಬಹುದು; ಹೊಸ ಯಜಮಾನರ ಎದುರು ಬಿಗಿತ. ಹತ್ತು ನಿಮಿಷ ಕಾದು ಒಳಗೆ ಬಂದು, ಅರ್ಧ ಗಂಟೆ ಬಿಟ್ಟು ಮತ್ತೆ ಒಯ್ಯಿರಿ. ಎರಡನೆಯ-ಮೂರನೆಯ ದಿನ ಭೇದಿಯಾಗುವುದೂ ಸಾಮಾನ್ಯ. ಅದು ಬಹುತೇಕ ಒತ್ತಡದಿಂದ. ಆದರೂ ತರಬೇತುದಾರರಿಗೆ ತಕ್ಷಣ ತಿಳಿಸಿ, ನಿಮ್ಮಷ್ಟಕ್ಕೆ ಮೊಸರನ್ನ ಹಾಕಬೇಡಿ. ಎಷ್ಟು ಹೊತ್ತಿಗೆ ಏನಾಯಿತು ಎಂದು ಫೋನಿನಲ್ಲಿ ದಾಖಲಿಸುತ್ತ ಹೋದರೆ ವಾರದಲ್ಲಿ ನಾಯಿಯ ಲಯ ತಿಳಿಯುತ್ತದೆ. ಊಟ ದಿನಕ್ಕೆ ಎರಡು ಹೊತ್ತು, ಶಾಲೆ ಕೊಟ್ಟ ಅಳತೆಯ ಲೋಟದಲ್ಲಿ, ಅಂಚಿಗೆ ಸಮವಾಗಿ ಸವರಿ. ಕಣ್ಣಳತೆಗೂ ಕೈಯಳತೆಗೂ ಇಲ್ಲಿ ಜಾಗವಿಲ್ಲ. ತೂಕ ಏರಿದ ನಾಯಿಯ ಕೀಲುಗಳು ಬೇಗ ಸವೆದು ಅದರ ದುಡಿಮೆಯ ವರ್ಷಗಳು ಕಡಿಮೆಯಾಗುತ್ತವೆ.

ಹಾರ್ನೆಸ್ ತೊಡಿಸುವುದು

ಭಾಗಗಳು ನಾಲ್ಕು: ಎದೆಯ ಮುಂದೆ ಬರುವ ಪಟ್ಟಿ, ಬೆನ್ನಿನ ಮೇಲಿನ ಪಟ್ಟಿ, ಹೊಟ್ಟೆಯ ಕೆಳಗೆ ಬರುವ ಬಕಲ್ ಪಟ್ಟಿ, ಗಟ್ಟಿಯಾದ ಹಿಡಿ. ನಾಯಿಯನ್ನು ನಿಮ್ಮ ಎಡಕ್ಕೆ ನಿಲ್ಲಿಸಿ, ತಲೆಯ ಮೇಲಿಂದ ಇಳಿಸಿ, ಬೆನ್ನಿನ ಪಟ್ಟಿ ಭುಜದ ಹಿಂದೆ ನೇರ ಕೂರಿಸಿ, ಹೊಟ್ಟೆಪಟ್ಟಿಯನ್ನು ಮುಂಗಾಲುಗಳ ಹಿಂದಿನಿಂದ ತಂದು ಬಕಲ್ ಹಾಕಿ. ಪಟ್ಟಿ ಮತ್ತು ಮೈ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಸಡಿಲವಾದರೆ ಹಿಡಿ ಒಂದು ಬದಿಗೆ ವಾಲಿ ನಾಯಿ ಸರಿದದ್ದು ತಪ್ಪಾಗಿ ತಿಳಿಯುತ್ತದೆ. ಬಿಗಿಯಾದರೆ ಮುಂಗಾಲಿನ ಸಂದಿಯಲ್ಲಿ ಚರ್ಮ ಉಜ್ಜಿ ಹುಣ್ಣಾಗುತ್ತದೆ. ದಿನವೂ ಬಾಚುವಾಗ ಆ ಸಂದಿಯನ್ನು ಮುಟ್ಟಿ ನೋಡಿ. ಕೂದಲು ತೆಳುವಾಗಿದ್ದರೆ ಪಟ್ಟಿ ಸರಿಯಿಲ್ಲ ಎಂದೇ ಅರ್ಥ. ಲೀಶ್ ಪಟ್ಟಿಯ ಅಡಿಗೆ ಸಿಕ್ಕಿಕೊಂಡಿಲ್ಲವೆಂದು ಕೊನೆಗೊಮ್ಮೆ ಖಚಿತಪಡಿಸಿಕೊಳ್ಳಿ.

ಮೊದಲ ನಡಿಗೆಗಳು

ಶಾಂತವಾದ ವಸತಿ ಬೀದಿಯಲ್ಲಿ ಚಿಕ್ಕ ಸುತ್ತಿನಿಂದ ಆರಂಭ. ತರಬೇತುದಾರರು ಎರಡನೆಯ ಲೀಶ್ ಹಿಡಿದು ಪಕ್ಕದಲ್ಲೇ ಇರುತ್ತಾರೆ. ಕೋಲಿನ ಅಭ್ಯಾಸವಿದ್ದವರಿಗೆ ಮೊದಲ ಅಚ್ಚರಿ: ಏನೂ ತಾಗುವುದಿಲ್ಲ. ಕಂಬ, ಕಸದ ಡಬ್ಬಿ, ಬೇಲಿ ಇವು ಕೋಲಿಗೆ ತಾಗಿ ಗುರುತಾಗುತ್ತಿದ್ದವು. ಈಗ ನಾಯಿ ಅವುಗಳನ್ನು ಬಳಸಿ ಹೋಗುವುದರಿಂದ ಆ ಗುರುತುಗಳು ಇಲ್ಲವಾಗುತ್ತವೆ. ದಾರಿ ತಪ್ಪಿದಂತೆ ಅನಿಸುತ್ತದೆ. ಬದಲಿಗೆ ನೆಲದ ಏರಿಳಿತ, ಬಿಸಿಲು ಬೀಳುವ ಬದಿ, ವಾಹನಗಳ ಸದ್ದಿನ ದಿಕ್ಕು, ದಾಟಿದ ಅಡ್ಡರಸ್ತೆಗಳ ಎಣಿಕೆ ಇವನ್ನು ಹಿಡಿಯಬೇಕು.

ಫುಟ್‌ಪಾತಿನ ಅಂಚಿಗೆ ಬಂದಾಗ ನಾಯಿ ನಿಲ್ಲುತ್ತದೆ. ಪಾದ ಮುಂದೆ ಚಾಚಿ ಅಂಚನ್ನು ಮುಟ್ಟಿ, ಹೊಗಳಿ. ನಾಯಿಗೆ ಸಿಗ್ನಲ್ ದೀಪ ಓದಲು ಬರುವುದಿಲ್ಲ. ನಿಮಗೆ ಸಮಾನಾಂತರವಾಗಿ ನಿಂತಿದ್ದ ವಾಹನಗಳು ಒಟ್ಟಿಗೆ ಹೊರಟ ಸದ್ದು ಕೇಳಿದ ಮೇಲೆ "ಫಾರ್ವರ್ಡ್" ಹೇಳುವುದು ನೀವು. ಆ ಗಳಿಗೆಯಲ್ಲಿ ಕಾರೊಂದು ತಿರುಗಿ ಬಂದರೆ ನಾಯಿ ನಿಲ್ಲುತ್ತದೆ, ಇಲ್ಲವೇ ಹಿಂದೆ ಸರಿಯುತ್ತದೆ. ಆಗ ಮರುಪ್ರಶ್ನೆಯಿಲ್ಲದೆ ನೀವೂ ಹಿಂದೆ ಸರಿಯಬೇಕು. ಶಾಲೆಯವರೇ ಕಾರು ಓಡಿಸಿ ಇದನ್ನು ಅಭ್ಯಾಸ ಮಾಡಿಸುತ್ತಾರೆ, ಸದ್ದೇ ಮಾಡದ ಹೈಬ್ರಿಡ್ ಕಾರುಗಳನ್ನೂ ಬಳಸುತ್ತಾರೆ. ಈ ಪಾಠದಲ್ಲಿ ಎಷ್ಟು ಸಲ ಬೇಕಾದರೂ ಮತ್ತೆ ಮಾಡಿಸಿ ಎಂದು ಕೇಳಿ, ಸಂಕೋಚ ಬೇಡ.

ಎಲ್ಲರೂ ಮಾಡುವ ತಪ್ಪುಗಳು ಇವು. ಹಿಡಿಯನ್ನು ಸ್ಟೀರಿಂಗ್ ಮಾಡಿಕೊಂಡು ನಾಯಿಯನ್ನು ತಳ್ಳುವುದು: ಹಾಗೆ ಮಾಡಿದರೆ ನಿರ್ಧರಿಸುವ ಕೆಲಸವನ್ನು ನಾಯಿ ಬಿಟ್ಟುಬಿಡುತ್ತದೆ. ನಾಯಿ ನಿಂತಾಗ ಕಾರಣ ಹುಡುಕದೆ ಮತ್ತೆ ಮತ್ತೆ "ಫಾರ್ವರ್ಡ್" ಎನ್ನುವುದು: ಮೊದಲು ಪಾದದಿಂದಲೂ ಬಲಗೈಯಿಂದಲೂ ಎದುರು ತಡಕಿ ನೋಡಿ, ಅಲ್ಲಿ ಅಗೆದ ಗುಂಡಿಯೋ ತಲೆಮಟ್ಟದ ಕೊಂಬೆಯೋ ಇರಬಹುದು. ಬಲಭುಜ ಕಂಬಕ್ಕೆ ತಾಗಿದಾಗ ಸುಮ್ಮನೆ ಮುಂದೆ ಹೋಗುವುದು: ನಿಲ್ಲಿ, ಆ ಕಂಬವನ್ನು ಕೈಯಿಂದ ತಟ್ಟಿ ನಾಯಿಗೆ ತೋರಿಸಿ, ನಾಲ್ಕಾರು ಹೆಜ್ಜೆ ಹಿಂದೆ ಬಂದು ಮತ್ತೆ ಹಾದುಹೋಗಿ, ಸರಿಯಾಗಿ ಬಳಸಿದಾಗ ಹೊಗಳಿ, ಶಾಲೆಯ ಪದ್ಧತಿಯಾದರೆ ಒಂದು ಕಾಳು ತಿಂಡಿ ಕೊಡಿ. ಬಿಟ್ಟರೆ "ಇವರ ಅಗಲ ಲೆಕ್ಕಕ್ಕಿಲ್ಲ" ಎಂದು ನಾಯಿ ಕಲಿಯುತ್ತದೆ.

ನಾಲ್ಕನೆಯ, ಐದನೆಯ ದಿನದ ಸುಮಾರಿಗೆ ಕುಗ್ಗುವಿಕೆ ಬರುತ್ತದೆ. ನಿದ್ದೆ ಕಡಿಮೆ, ಕಾಲು ನೋವು, ಪಕ್ಕದ ಕೋಣೆಯವರ ನಾಯಿ ನಿಮ್ಮದಕ್ಕಿಂತ ಜಾಣ ಅನಿಸುತ್ತದೆ. ಆ ದಿನ ಮನೆಗೆ ಫೋನು ಮಾಡಿ ವಾಪಸು ಬರುತ್ತೇನೆ ಎನ್ನಬೇಡಿ, ಬೇಗ ಮಲಗಿ. ಆದರೆ ಎಳೆತ ತಡೆಯಲಾಗದೆ ಬೆನ್ನು ಹಿಡಿಯುತ್ತಿದ್ದರೆ, ವೇಗ ನಿಜಕ್ಕೂ ಹೊಂದದಿದ್ದರೆ ಮೊದಲ ವಾರದಲ್ಲೇ ಬಾಯಿಬಿಟ್ಟು ಹೇಳಿ. ಜೋಡಿ ಬದಲಿಸುವುದು ಶಾಲೆಗಳಿಗೆ ಹೊಸದಲ್ಲ. ಸುಮ್ಮನಿದ್ದು ಮನೆಗೆ ಹೋಗಿ ನಾಯಿಯನ್ನು ಮರಳಿಸುವುದು ಇಬ್ಬರಿಗೂ ಹೆಚ್ಚು ನೋವು.

ಎರಡನೆಯ ವಾರದಿಂದ ಬಸ್ಸು, ರೈಲು, ಅಂಗಡಿಯ ಸಂದುಗಳು, ರಾತ್ರಿ ನಡಿಗೆ, ಫುಟ್‌ಪಾತ್ ಇಲ್ಲದ ರಸ್ತೆ ಬರುತ್ತವೆ. ಸೀಯಿಂಗ್ ಐ ವಿದ್ಯಾರ್ಥಿಗಳು ನ್ಯೂಯಾರ್ಕ್ ನಗರಕ್ಕೂ ಹೋಗಿ ಅಭ್ಯಾಸ ಮಾಡುವುದುಂಟು. ನಿಮ್ಮ ಊರಿಗೆ ಬೇಕಾದ ವಿಶೇಷ ಅಭ್ಯಾಸವಿದ್ದರೆ ಮೊದಲ ವಾರದಲ್ಲೇ ಪಟ್ಟಿ ಮಾಡಿ ಕೊಡಿ; ಕೊನೆಯ ದಿನಗಳನ್ನು ಅದಕ್ಕೆಂದೇ ಮೀಸಲಿಡುತ್ತಾರೆ.

ಸಂಜೆಯ ಪಾಠಗಳಲ್ಲಿ ಕಿವಿ ಶುಚಿ, ಹಲ್ಲುಜ್ಜುವುದು, ಮಾತ್ರೆ ನುಂಗಿಸುವುದು, ಕಾನೂನು ಇರುತ್ತವೆ. ಕಾನೂನಿನದು ಗಮನವಿಟ್ಟು ಕೇಳಿ. ಅಂಗವಿಕಲರ ಹಕ್ಕುಗಳಿಗಾಗಿ ಇರುವ 1990ರ ಎಡಿಎ ಕಾಯ್ದೆಯಡಿ ಅಂಗಡಿ-ಹೋಟೆಲಿನವರು ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕೇ, ಅದು ಯಾವ ಕೆಲಸಕ್ಕೆ ತರಬೇತಿ ಪಡೆದಿದೆ. ಕಾಗದಪತ್ರ ಕೇಳುವಂತಿಲ್ಲ. ವಿಮಾನದ ನಿಯಮ ಬೇರೆ. 2021ರ ಜನವರಿಯಿಂದ ಜಾರಿಯಲ್ಲಿರುವ ನಿಯಮದಂತೆ ವಿಮಾನ ಸಂಸ್ಥೆಗಳು ಸಾರಿಗೆ ಇಲಾಖೆಯ ನಿಗದಿತ ಫಾರಂ ಕೇಳಬಹುದು. ಶಾಲೆಯಿಂದ ಮನೆಗೆ ಮರಳುವ ವಿಮಾನಕ್ಕೇ ಅದು ಬೇಕಾಗಬಹುದು, ತರಬೇತುದಾರರ ಜೊತೆ ಕೂತು ತುಂಬಿಸಿಟ್ಟುಕೊಳ್ಳಿ.

ಮನೆಯವರಿಗೆ ಮೊದಲೇ ಹೇಳಬೇಕಾದ್ದು

ನಾಯಿಗೆ ನೀವಲ್ಲದೆ ಬೇರಾರೂ ಊಟ ಹಾಕಬಾರದು, ಆಜ್ಞೆ ಕೊಡಬಾರದು. ಕನಿಷ್ಠ ಮೊದಲ ಕೆಲವು ವಾರ ಇದು ಕಟ್ಟುನಿಟ್ಟು. ನಮ್ಮ ಅಡಿಗೆಮನೆಯಲ್ಲಿ ನಾಯಿಗೆ ವಿಷವಾಗುವ ಪದಾರ್ಥಗಳು ಹಲವಿವೆ: ಪಾಯಸ, ಕೇಸರಿಬಾತಿನ ಒಣದ್ರಾಕ್ಷಿ, ಸಾಗು-ಹುಳಿಯ ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟು, ಸಕ್ಕರೆರಹಿತ ಚೂಯಿಂಗ್ ಗಮ್ಮಿನಲ್ಲಿರುವ ಜೈಲಿಟಾಲ್ ಎಂಬ ಸಿಹಿಕಾರಕ. ದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸುತ್ತದೆ, ಈರುಳ್ಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಪ್ರೀತಿಯಿಂದ ಕೊಟ್ಟ ಒಂದು ಚೂರು ಪ್ರಸಾದವೂ ಕುತ್ತಾಗಬಹುದು ಎಂದು ಅಜ್ಜಿ-ತಾತನಿಗೆ ಬಿಡಿಸಿ ಹೇಳಿ. ದೇವರ ಕೋಣೆಗೆ ನಾಯಿ ಬರಬಾರದೆಂದಿದ್ದರೆ ಮಕ್ಕಳಿಗೆ ಹಾಕುವಂಥ ಅಡ್ಡಗೇಟು ಹಾಕಿ; ಮೊದಲ ದಿನವೇ ಎಲ್ಲೆ ತೋರಿಸಿದರೆ ಅದು ಪಾಲಿಸುತ್ತದೆ. ಸತ್ಯನಾರಾಯಣ ಪೂಜೆಗೋ ಗೃಹಪ್ರವೇಶಕ್ಕೋ ಬಂಧುಬಳಗ ಸೇರುವುದನ್ನು ಒಂದು ತಿಂಗಳು ಮುಂದೂಡಿ.

ಊರಿಗೆ, ಎಂದರೆ ಭಾರತಕ್ಕೆ, ನಾಯಿಯನ್ನು ಕರೆದೊಯ್ಯುವ ಆಸೆ ಎಲ್ಲರಿಗೂ ಬರುತ್ತದೆ. ಚಿಕ್ಕ ಭೇಟಿಗೆ ಬೇಡವೆಂದೇ ನಮ್ಮ ಸಲಹೆ. ಭಾರತಕ್ಕೆ ತರಲು ಅಲ್ಲಿನ ಪ್ರಾಣಿ ಕ್ವಾರಂಟೈನ್ ಸೇವೆಯ ನಿರಾಕ್ಷೇಪಣಾ ಪತ್ರ ಬೇಕು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ, ನಾಯಿ ರೇಬೀಸ್ ವಿಷಯದಲ್ಲಿ ಭಾರತವನ್ನು ಹೆಚ್ಚು ಅಪಾಯದ ದೇಶಗಳ ಪಟ್ಟಿಯಲ್ಲಿಟ್ಟಿದೆ. 2024ರ ಆಗಸ್ಟ್ 1ರಿಂದ ಜಾರಿಯಾದ ನಿಯಮದಂತೆ ಮರಳುವ ನಾಯಿಗೆ ಮೈಕ್ರೋಚಿಪ್, ಸಿಡಿಸಿ ಫಾರಂ, ಅಮೆರಿಕದಲ್ಲೇ ಲಸಿಕೆ ಹಾಕಿಸಿದ ಬಗ್ಗೆ ಪ್ರಮಾಣಪತ್ರ ಬೇಕು. ಕಾಗದಗಳೆಲ್ಲ ಸರಿಯಿದ್ದರೂ ಬೆಂಗಳೂರಿನ ಬೀದಿಯಲ್ಲಿ ನಾಲ್ಕು ಬೀದಿನಾಯಿಗಳು ಸುತ್ತುವರಿದಾಗ, ಫುಟ್‌ಪಾತ್ ಅರ್ಧಕ್ಕೇ ಮುಗಿದಾಗ ಏನು ಮಾಡಬೇಕೆಂದು ಆ ನಾಯಿಗೆ ಯಾರೂ ಕಲಿಸಿಲ್ಲ. ಒಮ್ಮೆ ಕಚ್ಚಿಸಿಕೊಂಡ ನಾಯಿ ಬೇರೆ ನಾಯಿಗಳನ್ನು ಕಂಡರೆ ಬೆದರಿ, ಮುಂದೆ ಕೆಲಸಕ್ಕೇ ಬಾರದೆ ಹೋಗಬಹುದು. ನಂಬಿಕಸ್ಥರ ಮನೆಯಲ್ಲಿ ಅದನ್ನು ಬಿಟ್ಟು, ಕೋಲು ಹಿಡಿದು ಹೋಗಿ ಬನ್ನಿ. ಹೊರಡುವ ಮುನ್ನ ಶಾಲೆಗೆ ಫೋನು ಮಾಡಿ ಯಾರ ಬಳಿ, ಎಷ್ಟು ದಿನ ಬಿಡುತ್ತೀರಿ ಎಂದು ತಿಳಿಸಿ. ಊಟದ ಅಳತೆ, ಅಂಗಳದ ಹೊತ್ತು, ಪಶುವೈದ್ಯರ ನಂಬರು ಬರೆದು ನೋಡಿಕೊಳ್ಳುವವರ ಕೈಗೆ ಕೊಡಿ.